ಎರಡು ಗೋಧಿ ಕಾಳಿನಷ್ಟು

ಗೋಧಿ ಕೊಯ್ಲು ಮುಗಿದು ಹೊಲಗಳಲ್ಲಿ ಬರೀ ಕೂಳೆ ನಿಂತಿತ್ತು. ಬೆಳಗಿನ ಎಂಟು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಸುರಿಯದೆ ಸಂಜೆಗೆ ಕರಗಿಹೋಗುತ್ತಿತ್ತು. ಮೂರು ದಿನ ಹೀಗೆ ಆಟ ಆಡಿಸಿದ ಮಳೆ ನಾಲ್ಕನೆಯ ದಿನವೂ ಆಟ ಆಡಿಯೇ ಹೋಗುತ್ತದೆ ಎಂದು ನಂಬಿ ಮನೆಯಲ್ಲಿ ಕೂರುವ ರೈತ ಯಾರೂ ಇರಲಿಲ್ಲ. ಹಾಗಾಗಿ ಸಹಕಾರ ಸಂಘದ ಉಗ್ರಾಣದ ಮುಂದೆ ಹಿಡಿದ ಟ್ರಾಕ್ಟರುಗಳ ಸಾಲು ಗೇಟು ದಾಟಿ, ರಸ್ತೆಯ ತಿರುವು ದಾಟಿ, ಸೇತುವೆಯವರೆಗೂ ಬೆಳೆದಿತ್ತು.

ಅಂಗಳದ ನಡುವೆ ಗಾಡಿ ಹತ್ತಿಸುವ ತೂಕದ ಕಟ್ಟೆ. ಅದರ ಪಕ್ಕಕ್ಕೆ ತಗಡಿನ ಮಾಡಿನ ಒಂದು ಸಣ್ಣ ಕೋಣೆ. ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಗಂಟಕ್ಕ. ಟ್ರಾಕ್ಟರು ಕಟ್ಟೆ ಹತ್ತಿ ನಿಂತರೆ ತೂಕ ತಾನಾಗಿ ಕಂಪ್ಯೂಟರಿಗೆ ಬರುತ್ತಿತ್ತು. ಗಂಟಕ್ಕ ರೈತನ ಹೆಸರು, ಕಾಳಿನ ತೇವ, ಧೂಳು-ಕಸದ ಲೆಕ್ಕ ಹೊಡೆದು ಒಂದು ಗುಂಡಿ ಒತ್ತಿದರೆ ಪ್ರಿಂಟರು ಕರಕರ ಎಂದು ಚೀಟಿ ಹೊರಹಾಕುತ್ತಿತ್ತು. ಚೀಟಿ ಇದ್ದರೆ ಉಗ್ರಾಣದ ಬಾಗಿಲು. ಚೀಟಿ ಇಲ್ಲದಿದ್ದರೆ ಕಾಳು ಬಯಲಿನಲ್ಲಿ, ಮೋಡದ ಕೆಳಗೆ.

ಅವಳಿಗೆ ಆ ಹೆಸರು ಬಂದದ್ದು ಕಂಪ್ಯೂಟರಿನಿಂದ ಅಲ್ಲ. ಅಂಗಳದ ಆ ತುದಿಯಲ್ಲಿ ಚೀಲ ಹೊಲಿಯುವ ಚಪ್ಪರವಿದೆ. ಅಲ್ಲಿ ಹೊಲಿಯುವ ಪ್ರತಿ ಹೆಂಗಸಿಗೂ ತನ್ನದೇ ಆದ ಕೊನೆಯ ಗಂಟು ಒಂದಿರುತ್ತದೆ. ಚೀಲ ದಾರಿಯಲ್ಲಿ ಬಾಯಿಬಿಟ್ಟರೆ ಯಾರ ಹೊಲಿಗೆ ಎಂದು ಕೇಳುವ ಪ್ರಶ್ನೆಯೇ ಇಲ್ಲ, ಗಂಟು ನೋಡಿದರೆ ಗೊತ್ತಾಗುತ್ತದೆ. ಒಬ್ಬಳ ಗಂಟನ್ನು ಇನ್ನೊಬ್ಬಳು ಹಾಕುವಂತಿಲ್ಲ. ಹಾಕಿದರೆ ಅದು ಕಳ್ಳಸಹಿಗಿಂತ ಕಡೆ. ಇವಳದು ಎಡಕ್ಕೆ ಮೂರು ಸುತ್ತು, ಆಮೇಲೆ ತನ್ನ ಕೆಳಗೆ ತಾನೇ ನುಸುಳುವ ಒಂದು ಎಳೆ. ಹನ್ನೊಂದು ವರ್ಷ ಹೊಲಿದಳು, ಒಂದು ಚೀಲವೂ ಬಾಯಿ ಬಿಡಲಿಲ್ಲ. ಊರು ಅವಳನ್ನು ಗಂಟಕ್ಕ ಎಂದಿತು. ತೂಕದ ಕೋಣೆಗೆ ಕಂಪ್ಯೂಟರು ಬಂದಾಗ, ಅಕ್ಷರ ಬಲ್ಲವಳು, ಕೈ ನಿಧಾನ, ತಲೆ ತಣ್ಣಗೆ ಎಂದು ಹಳೆಯ ಮ್ಯಾನೇಜರು ಅವಳನ್ನೇ ಕರೆದು ಕೂರಿಸಿದರು.

ಅವತ್ತು ಹನ್ನೊಂದು ಗಂಟೆಗೆ ಪರದೆ ಕಪ್ಪಾಯಿತು. ಬೆಳಗಿನಿಂದ ಅದು ಮೂರನೆಯ ಸಲ.

"ಮತ್ತೆ ಮಲಗ್ತಾ?" ಕಿಟಕಿಯಲ್ಲಿ ಮುಖ ತೂರಿಸಿದವರು ಗೊಣಗು ಮಾವ, ಅವಳ ಗಂಡನ ಸೋದರಮಾವ. ಸಾಲಿನಲ್ಲಿ ಮುಂದಿನ ಟ್ರಾಕ್ಟರು ಅವರದು. "ನಾನು ಇಲ್ಲಿ ನಿಂತು ನಿಂತು ಬೇರು ಬಿಡ್ತಾ ಇದ್ದೀನಿ. ಅದು ಮಾತ್ರ ಹೊಸ ಅಳಿಯನ ಹಾಗೆ ಹೊತ್ತು ಹೊತ್ತಿಗೆ ನಿದ್ದೆ ಮಾಡುತ್ತೆ."

"ಅದಕ್ಕೆ ಜ್ವರ ಮಾವ."

"ಜ್ವರ ಬರೋದಕ್ಕೆ ಅದೇನು ಗೇಯ್ದಿದೆ?"

ಗಂಟಕ್ಕ ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟು ನೋಡಿದಳು. ಒಲೆಯಿಂದ ಇಳಿಸಿದ ಪಾತ್ರೆಯಂತೆ ಕಾದಿತ್ತು. ಕೆಡುವ ಮೊದಲು ಒಳಗಿನ ಫ್ಯಾನು ಬೇಟೆನಾಯಿಯ ಹಾಗೆ ಏದುಸಿರು ಬಿಟ್ಟದ್ದನ್ನು ಅವಳು ಕೇಳಿದ್ದಳು. ಏನಾಗಿದೆ ಎಂಬುದು ಅವಳಿಗೆ ಗೊತ್ತು. ಏನು ಮಾಡಬೇಕು ಎಂಬುದೂ ಗೊತ್ತು. ಆದರೆ ಪೆಟ್ಟಿಗೆಯ ಮುಚ್ಚಳದ ಅಂಚಿಗೆ, ತಿರುಪಿನ ತಲೆಯ ಮೇಲೇ, ಬೆಳ್ಳಿ ಬಣ್ಣದ ಒಂದು ಚೀಟಿ ಅಂಟಿಕೊಂಡಿತ್ತು. ಪಟ್ಟಣದ ರಿಪೇರಿ ಅಂಗಡಿಯವರ ಮುದ್ರೆ. 'ಹರಿದರೆ ಜವಾಬ್ದಾರಿ ನಿಮ್ಮದು' ಎಂದು ಅದರ ಮೇಲೆ ಬರೆದಿತ್ತು.

ಎರಡು ವರ್ಷದ ಹಿಂದೆ ಈಗಿನ ಮ್ಯಾನೇಜರು ಬಂದ ವಾರವೇ ಅದನ್ನು ಅಂಟಿಸಿದ್ದು. ಅದಕ್ಕೆ ಮೊದಲು ಪ್ರತಿ ವರ್ಷ ಕೊಯ್ಲಿನ ಮುಂಚೆ ಪೆಟ್ಟಿಗೆ ಬಿಚ್ಚುವುದು, ಹೊಟ್ಟು-ಧೂಳು ತೆಗೆಯುವುದು, ಪೇಸ್ಟು ಬದಲಿಸುವುದು ಅವಳ ಕೆಲಸವಾಗಿತ್ತು. ಹೊಸ ಮ್ಯಾನೇಜರಿಗೆ ಯಾರೋ ಒಂಬತ್ತು ದಿನದ ಕಥೆ ಹೇಳಿಬಿಟ್ಟಿದ್ದರು.

ಆ ಕಥೆ ಸುಳ್ಳಲ್ಲ. ಮೊದಲ ವರ್ಷ ಅವಳೇ ಮಾಡಿಕೊಂಡ ತಪ್ಪು. ಕಂಪ್ಯೂಟರಿನ ಮಿದುಳಿನ ಬಿಲ್ಲೆಗೂ ಅದರ ಮೇಲೆ ಕೂರುವ ಲೋಹದ ಕೂಲರಿಗೂ ನಡುವೆ, ಬಿಸಿ ದಾಟಿಸುವ ಪೇಸ್ಟು ಹಚ್ಚಬೇಕೆಂದು ಕೇಳಿ ತಿಳಿದಿದ್ದಳು. ಎಷ್ಟು ಎಂದು ಕೇಳಿರಲಿಲ್ಲ. ಟ್ರಾಕ್ಟರು ರಿಪೇರಿ ಮಾಡುವ ಗಂಡನನ್ನು ಕೇಳಿದಳು. "ಗ್ರೀಸಿಗೆ ಜಿಪುಣತನ ಮಾಡಬಾರದು. ಧಾರಾಳವಾಗಿ ಮೆತ್ತು," ಎಂದ ಅವನು. ಅಚ್ಚಿಗೆ ಗ್ರೀಸು ಸುರಿದು ಬೆಳೆದ ಜನ ಇನ್ನೇನು ಹೇಳಿಯಾರು? ಅವಳು ಕೊಳವೆ ಪೂರ್ತಿ ಹಿಂಡಿದಳು. ಒತ್ತಿ ಕೂರಿಸಿದಾಗ ಪೇಸ್ಟು ನಾಲ್ಕೂ ಕಡೆ ಉಕ್ಕಿ, ಬಿಲ್ಲೆ ಕೂರುವ ಗೂಡಿಗೇ ಇಳಿಯಿತು. ಒಂಬತ್ತು ದಿನ ಕಂಪ್ಯೂಟರು ಉಸಿರೆತ್ತಲಿಲ್ಲ.

ಅದನ್ನು ಬದುಕಿಸಿದವರು ರೇಡಿಯೋ ತಾತ. ಆಯುಷ್ಯವಿಡೀ ರೇಡಿಯೋ ಬಿಚ್ಚಿ ಜೋಡಿಸಿದವರು. ಕಂಪ್ಯೂಟರು ಬರುವ ಹೊತ್ತಿಗೆ ಕಣ್ಣು ಚೆನ್ನಾಗಿತ್ತು, ಕೈ ನಡುಗುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಿದರು, ಅವಳು ಕೈಯಲ್ಲಿ ಮಾಡಿದಳು.

"ಇದು ಗಾಡಿ ಅಚ್ಚಲ್ಲ ತಾಯಿ," ಎಂದಿದ್ದರು ತಾತ. "ಅಲ್ಲಿ ಜಾರಬೇಕು, ಇಲ್ಲಿ ಅಂಟಬೇಕು. ಎರಡು ಲೋಹದ ನಡುವೆ ಕಣ್ಣಿಗೆ ಕಾಣದ ಹಳ್ಳ ಇರುತ್ತೆ. ಹಳ್ಳ ತುಂಬಿದರೆ ಸಾಕು. ಎರಡು ಗೋಧಿ ಕಾಳಿನಷ್ಟು, ಅಷ್ಟೇ. ಮೂರನೇ ಕಾಳು ದುರಾಸೆ."

ಆಮೇಲೆ ನಾಲ್ಕು ಕೊಯ್ಲು ಅವಳ ಕೈಯಲ್ಲಿ ಆ ಕಂಪ್ಯೂಟರು ಒಮ್ಮೆಯೂ ತೂಕಡಿಸಲಿಲ್ಲ. ಆದರೆ ಒಂಬತ್ತು ದಿನದ ಕಥೆ ಮಾತ್ರ ಊರಲ್ಲಿ ಉಳಿಯಿತು. ನಾಲ್ಕು ವರ್ಷದ ಕಥೆ ಯಾರು ಹೇಳುತ್ತಾರೆ?

ಮ್ಯಾನೇಜರು ಕಚೇರಿಯಿಂದ ಬಂದರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೆಟ್ಟ ಮನುಷ್ಯ ಎಂದು ಯಾರೂ ಹೇಳುವಂತಿಲ್ಲ. ಹಿಂದಿನ ಊರಿನಲ್ಲಿ ಬೇರೆಯವರ ತಪ್ಪಿಗೆ ವರ್ಗವಾಗಿ ಬಂದವರು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇವರು ನೀರನ್ನೂ ಊದುತ್ತಿದ್ದರು.

"ಪಟ್ಟಣಕ್ಕೆ ಫೋನ್ ಮಾಡಿದೆ. ನಾಡಿದ್ದು ಕಳಿಸ್ತಾರಂತೆ," ಎಂದರು.

"ನಾಡಿದ್ದು?" ಕಿಟಕಿಯ ಆಚೆಯಿಂದ ಗೊಣಗು ಮಾವ ಕೇಳಿದರು. "ಅಲ್ಲೀವರೆಗೆ ಮೋಡಕ್ಕೆ ಯಾರು ಫೋನ್ ಮಾಡ್ತಾರೆ ಸ್ವಾಮಿ?"

"ಕೈಯಲ್ಲಿ ಚೀಟಿ ಬರೆಯೋಣ ಸಾರ್," ಎಂದಳು ಗಂಟಕ್ಕ.

"ಕೈಚೀಟಿಗೆ ಉಗ್ರಾಣ ತೆರೆಯೋ ಹಾಗಿಲ್ಲ. ಸುತ್ತೋಲೆ ಇದೆ."

"ಹಾಗಾದರೆ ನಾನೇ ಬಿಚ್ಚಿ ನೋಡ್ತೀನಿ. ಒಳಗೆ ಪೇಸ್ಟು ಒಣಗಿದೆ. ಮುಕ್ಕಾಲು ಗಂಟೆ ಕೆಲಸ."

"ನೀವು ಬಿಚ್ಚಿದರೆ ಒಂಬತ್ತು ದಿನ ಆಗುತ್ತೆ." ಮ್ಯಾನೇಜರು ಇದನ್ನು ತಮಾಷೆಯಾಗಿ ಹೇಳಲಿಲ್ಲ. "ವರ್ಷ ವರ್ಷ ಅವರು ಬಂದು ಸರ್ವಿಸ್ ಮಾಡಿ ಹೋಗಿದ್ದಾರೆ. ಹೋದ ತಿಂಗಳೂ ಪೇಸ್ಟು ಹಾಕಿದ್ದಾರೆ, ನನ್ನ ಸಹಿ ಇದೆ. ಒಂದು ತಿಂಗಳಲ್ಲಿ ಒಣಗುತ್ತಾ? ಚೀಲ ಹೊಲಿಯೋ ಕೈಗೆ ದಬ್ಬಣ ಸಾಕು. ಮುದ್ರೆ ಮುಟ್ಟಬೇಡಿ."

ಕಿಟಕಿಯ ಆಚೆ ಐದಾರು ಜನ ಸೇರಿದ್ದರು. ಎಲ್ಲರಿಗೂ ಕೇಳಿಸಿತು. ಯಾರೋ ಕೆಮ್ಮಿದರು. ಅಂಗಳದ ಆ ತುದಿಯ ಚಪ್ಪರದಲ್ಲಿ ಹನ್ನೆರಡು ದಬ್ಬಣಗಳು ಒಂದು ಗಳಿಗೆ ನಿಂತಂತೆ ಗಂಟಕ್ಕನಿಗೆ ಅನಿಸಿತು. ಅಷ್ಟು ದೂರಕ್ಕೆ ಕೇಳಿಸಿರಲಾರದು. ಆದರೂ ಅನಿಸಿತು.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಪಡುವಣದ ಮೋಡ ಇವತ್ತು ಬೇಗ ಕಟ್ಟಿತ್ತು. ಬುಡ ಕಪ್ಪಗಿತ್ತು. ಹಕ್ಕಿಗಳು ನೆಲಕ್ಕೆ ತಾಗುವಂತೆ ಹಾರುತ್ತಿದ್ದವು. ಇಪ್ಪತ್ತೆಂಟು ಟ್ರಾಕ್ಟರು ಎಂದು ಅವಳು ಬೆಳಿಗ್ಗೆಯೇ ಎಣಿಸಿದ್ದಳು. ಐದು ಒಳಗೆ ಹೋಗಿದ್ದವು.

ಅವಳು ಮೇಜಿನ ಕೆಳಗಿನ ತನ್ನ ತಗಡಿನ ಡಬ್ಬಿ ತೆಗೆದಳು. ತಿರುಪುಳಿ, ಬಣ್ಣ ಹಚ್ಚುವ ಮೆತ್ತನೆಯ ಕುಂಚ, ಹಳೆಯ ಹತ್ತಿ ಸೀರೆಯ ಚಿಂದಿ, ದನದ ಆಸ್ಪತ್ರೆಯಿಂದ ಕೇಳಿ ತಂದ ಸ್ಪಿರಿಟ್ಟಿನ ಶೀಸೆ, ಪೇಸ್ಟಿನ ಕೊಳವೆ. ಎರಡು ವರ್ಷದಿಂದ ಕೈ ಹಾಕದಿದ್ದರೂ ಡಬ್ಬಿಯನ್ನು ಅವಳು ಮನೆಗೆ ಒಯ್ದಿರಲಿಲ್ಲ.

"ಏನು ಮಾಡ್ತಾ ಇದ್ದೀರಿ?"

"ದಬ್ಬಣ ತರೋದಕ್ಕೆ ಚಪ್ಪರಕ್ಕೆ ಹೋಗಬೇಕು ಸಾರ್, ದೂರ. ಇದರಲ್ಲೇ ಆಗುತ್ತೆ," ಎಂದು ತಿರುಪುಳಿಯ ತುದಿಯನ್ನು ಬೆಳ್ಳಿ ಚೀಟಿಯ ಕೆಳಗೆ ತೂರಿಸಿ ಒಂದೇ ಎಳೆತಕ್ಕೆ ಹರಿದಳು.

ಮ್ಯಾನೇಜರ ಬಾಯಿ ತೆರೆದೇ ಇತ್ತು. "ಇದನ್ನ ಬರೆದುಕೊಳ್ತೀನಿ ನಾನು," ಎಂದರು ಕೊನೆಗೆ.

"ಬರೆದುಕೊಳ್ಳಿ. ಹನ್ನೊಂದೂ ಇಪ್ಪತ್ತು ಅಂತ ಹೊತ್ತೂ ಹಾಕಿ."

ಕರೆಂಟಿನ ತಂತಿ ಕಿತ್ತಳು. ಒಳಗೆ ಉಳಿದ ಕರೆಂಟು ಹೋಗಲೆಂದು ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದಳು. ಮೈಮೇಲಿನ ಕರೆಂಟೂ ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಿ, ತಿರುಪು ಬಿಚ್ಚಿ, ಮುಚ್ಚಳ ಎಳೆದಳು.

ಒಳಗೆ ಒಂದು ಸಣ್ಣ ಕಣವೇ ಇತ್ತು. ಹೊಟ್ಟು, ಸಿಪ್ಪೆ, ನುಸಿ, ಸತ್ತ ಎರಡು ಜೇಡ. ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು.

"ಇದರಲ್ಲೇ ಒಂದು ಸೇರು ಗೋಧಿ ಸಿಗುತ್ತೆ," ಎಂದರು ಗೊಣಗು ಮಾವ. "ನನ್ನ ಲೆಕ್ಕಕ್ಕೆ ಹಾಕು."

ಗಂಟಕ್ಕ ಕುಂಚದಿಂದ ಮೆಲ್ಲಗೆ ಧೂಳು ಸರಿಸಿದಳು. ಸರಿಸುತ್ತ ಸರಿಸುತ್ತ ಅವಳ ಕೈ ನಿಂತಿತು. ಫ್ಯಾನಿನ ತಂತಿ ರೆಕ್ಕೆಗೆ ಸಿಕ್ಕದಿರಲಿ ಎಂದು ಅದನ್ನು ಕೂಲರಿನ ಕಾಲಿಗೂ ಪಕ್ಕದ ಚೌಕಟ್ಟಿಗೂ ಸೇರಿಸಿ ಯಾರೋ ಚೀಲದ ನೀಲಿ ದಾರದಲ್ಲಿ ಕಟ್ಟಿದ್ದರು. ಆ ದಾರ ಕತ್ತರಿಸದೆ ಕೂಲರನ್ನು ಮೇಲೆತ್ತುವುದು ಸಾಧ್ಯವಿಲ್ಲ. ದಾರದ ಬಣ್ಣ ಮಾಸಿತ್ತು. ಗಂಟು ಹಾಗೇ ಇತ್ತು. ಎಡಕ್ಕೆ ಮೂರು ಸುತ್ತು, ತನ್ನ ಕೆಳಗೆ ತಾನೇ ನುಸುಳಿದ ಒಂದು ಎಳೆ.

ಅವಳು ಹಿಂದಕ್ಕೆ ಸರಿದು, ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಮಾವ, ಇದು ಯಾರ ಗಂಟು?"

ಗೊಣಗು ಮಾವ ಕನ್ನಡಕ ಏರಿಸಿ ಬಗ್ಗಿದರು. ನೋಡಿದರು. ಬಾಯಿ ಚಪ್ಪರಿಸಿದರು. "ಇದನ್ನ ಕೇಳಬೇಕಾ? ನನ್ನ ಮನೆಯಲ್ಲಿ ಇಂಥ ಗಂಟು ಹಾಕಿದ ಚೀಲ ಐವತ್ತು ಇವೆ. ಒಂದನ್ನೂ ಬಿಚ್ಚೋಕೆ ಆಗಲ್ಲ, ಕತ್ತರಿಸಲೇಬೇಕು. ಹಾಳಾದ ಗಂಟು."

"ಯಾವಾಗ ಹಾಕಿದ್ದು ಇದು?" ಎಂದು ಇನ್ನೊಬ್ಬ ಕೇಳಿದ.

"ಎರಡು ವರ್ಷ ಆಯ್ತು. ಮುದ್ರೆ ಅಂಟಿಸೋಕೆ ಮೊದಲು ನಾನು ಕೊನೇ ಸಲ ಮುಚ್ಚಿದಾಗ." ಗಂಟಕ್ಕ ಈಗ ಮ್ಯಾನೇಜರ ಕಡೆ ತಿರುಗಿದಳು. "ಹೋದ ತಿಂಗಳು ಅವರು ಪೇಸ್ಟು ಹಾಕಿದ್ದನ್ನ ನೀವು ನೋಡಿದ್ರಾ ಸಾರ್?"

"ಬಂದಿದ್ದರು. ಬ್ಯಾಗು ತಂದಿದ್ದರು." ಮ್ಯಾನೇಜರ ದನಿ ಇಳಿದಿತ್ತು. "ನಾನು ಕಚೇರಿಯಲ್ಲಿದ್ದೆ. ಸಹಿ ಹಾಕಿಸಿಕೊಂಡು ಹೋದರು."

"ಮುಚ್ಚಳದ ಮೇಲೆ ಮುದ್ರೆ ಬದಲಾಯಿಸಿ ಹೋಗಿದ್ದಾರೆ. ಮುಚ್ಚಳ ತೆಗೆದಿಲ್ಲ."

"ಓಹೋ," ಎಂದರು ಗೊಣಗು ಮಾವ. "ರೋಗಿಯ ಕಂಬಳಿ ಮೇಲೆ ಮಾತ್ರೆ ಇಟ್ಟು ಹೋಗೋ ವೈದ್ಯರು."

ಕಿಟಕಿಯ ಆಚೆ ನಗು ಹರಡಿತು. ಗಂಟಕ್ಕ ನಗಲಿಲ್ಲ. ದಾರವನ್ನು ಗಂಟಿನ ಪಕ್ಕಕ್ಕೆ ಕತ್ತರಿಸಿ, ಗಂಟಿರುವ ತುಂಡನ್ನು ಮೇಜಿನ ಮೇಲೆ ಮ್ಯಾನೇಜರ ಮುಂದೆ ಇಟ್ಟಳು. ಆಮೇಲೆ ಕೆಲಸಕ್ಕೆ ಬಗ್ಗಿದಳು.

ನಾಲ್ಕು ತಿರುಪುಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಸಡಿಲಿಸಿದಳು. ಕೂಲರನ್ನು ನೇರಕ್ಕೆ ಎಳೆಯಲಿಲ್ಲ. ಅಂಟಿದ ರೊಟ್ಟಿಯನ್ನು ಹೆಂಚಿನಿಂದ ಬಿಡಿಸುವಂತೆ ಅತ್ತ ಇಷ್ಟು ಇತ್ತ ಇಷ್ಟು ತಿರುಗಿಸಿದಳು. ಕಾದಿದ್ದರಿಂದ ಬೇಗ ಬಿಟ್ಟಿತು. ಕೆಳಗೆ ಅವಳ ಹಳೆಯ ಪೇಸ್ಟು ಸುಣ್ಣದ ಗೋಡೆಯ ಹಕ್ಕಳೆಯಂತೆ ಬಿರಿದು ಪುಡಿಯಾಗಿತ್ತು. ಸ್ಪಿರಿಟ್ಟು ತೋಯಿಸಿದ ಚಿಂದಿಯಿಂದ ಒರೆಸಿದಳು. ಮತ್ತೆ ಒರೆಸಿದಳು. ಬಿಲ್ಲೆಯ ಮೇಲೆ ಕಿಟಕಿಯ ಪ್ರತಿಬಿಂಬ ಕಾಣುವವರೆಗೆ ಬಿಡಲಿಲ್ಲ.

ಕೊಳವೆಯ ಮೂತಿ ತೆಗೆದು ಮೊದಲ ಹನಿಯನ್ನು ಚಿಂದಿಗೆ ಹಿಂಡಿ ನೋಡಿದಳು. ಎಣ್ಣೆ ಬೇರೆ ಆಗಿರಲಿಲ್ಲ, ಬೆಣ್ಣೆಯಂತೆ ಒಂದಾಗಿತ್ತು.

"ಇದೇನಕ್ಕ, ಕಂಪ್ಯೂಟರು ಹಲ್ಲುಜ್ಜುತ್ತಾ?" ಎಂದು ಕಿಟಕಿಯವನೊಬ್ಬ ಕೇಳಿದ.

"ಉಜ್ಜುತ್ತೆ. ನಿನ್ನ ಹಾಗಲ್ಲ, ವರ್ಷಕ್ಕೆ ಒಂದು ಸಲವಾದರೂ."

ಬಿಲ್ಲೆಯ ನಡುವೆ ಎರಡು ಗೋಧಿ ಕಾಳಿನಷ್ಟು. ಕೈ ಅಲ್ಲಿಗೆ ನಿಂತಿತು. "ಇನ್ನೊಂಚೂರು ಹಾಕಬಾರದಾ, ಗಟ್ಟಿಯಾಗಲಿ," ಎಂದು ಗೊಣಗು ಮಾವ ಹೇಳಿಯೇ ಹೇಳಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಕೂಲರು ಕೂರಿಸಿ, ಚಕ್ರದ ನಟ್ಟು ಬಿಗಿಯುವಂತೆ ಮತ್ತೆ ಎದುರುಬದುರು ತಿರುಪು ಬಿಗಿದಳು. ಫ್ಯಾನಿನ ತಂತಿ ಸಿಕ್ಕಿಸಿ, ಡಬ್ಬಿಯಿಂದ ಹೊಸ ನೀಲಿ ದಾರ ತೆಗೆದು ಕಟ್ಟಿದಳು. ಎಡಕ್ಕೆ ಮೂರು ಸುತ್ತು.

ಕರೆಂಟು ಕೊಟ್ಟಾಗ ಒಂದು ಗಳಿಗೆ ಏನೂ ಆಗಲಿಲ್ಲ. ಆ ಗಳಿಗೆಯಲ್ಲಿ ಒಂಬತ್ತು ದಿನಗಳೂ ಅವಳ ಎದೆಯ ಮೇಲೆ ಬಂದು ಕೂತವು. ಆಮೇಲೆ ಪರದೆ ಬೆಳಗಿತು. ಫ್ಯಾನು ತಿರುಗಿತು. ಏದುಸಿರಿಲ್ಲ, ಮಲಗಿದ ಹಸುವಿನ ಉಸಿರಿನಂಥ ಒಂದು ಮೆಲುದನಿ ಅಷ್ಟೇ. ಅವಳು ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟುಕೊಂಡೇ, "ಹತ್ತಿಸಿ ಮಾವ," ಎಂದಳು.

ಸಂಜೆ ಆರಕ್ಕೆ ಮಳೆ ಹಿಡಿದಾಗ ಹೊರಗೆ ಉಳಿದಿದ್ದದ್ದು ಎರಡು ಟ್ರಾಕ್ಟರು. ಅವನ್ನು ಚಪ್ಪರದ ಕೆಳಕ್ಕೆ ನೂಕಿ, ಟಾರ್ಪಾಲು ಹೊದಿಸಿದರು. ಒಂದರ ಮೂಲೆಯಲ್ಲಿ ಒಂದಿಷ್ಟು ಕಾಳು ನೆನೆಯಿತು. ನೆನೆದದ್ದು ಅಷ್ಟೇ.

ಮನೆಗೆ ಹೊರಡುವಾಗ ಮ್ಯಾನೇಜರು ಒಂದು ಮಡಚಿದ ಕಾಗದ ಕೊಟ್ಟರು. ಮುಖ ನೋಡಲಿಲ್ಲ. "ಸೋಮವಾರದೊಳಗೆ ಉತ್ತರ ಕೊಡಿ," ಎಂದರು. ಅವಳು ಬಿಡಿಸಿ ಓದಿದಳು. ಅನುಮತಿಯಿಲ್ಲದೆ ಮುದ್ರೆ ಹರಿದದ್ದಕ್ಕೆ ತೂಕದವಳು ಲಿಖಿತವಾಗಿ ಕ್ಷಮೆ ಕೇಳಬೇಕು. ಕೇಳದಿದ್ದರೆ ಅವಳನ್ನು ಹೊಲಿಗೆಯ ಚಪ್ಪರಕ್ಕೆ ಮರಳಿಸಲಾಗುವುದು.

"ಹರಿಯದೇ ಇದ್ದಿದ್ದರೆ ಕಾಳು ನೆನೀತಿತ್ತಲ್ಲ ಸಾರ್."

"ಅದು ನನಗೂ ಗೊತ್ತು." ಅವರು ಕೊಡೆ ಬಿಡಿಸುತ್ತ ನಿಂತರು. "ಸರ್ವಿಸ್ ಆಗಿದೆ ಅಂತ ಎರಡು ವರ್ಷ ಸಹಿ ಹಾಕಿದ್ದೀನಿ. ಮೇಲಿನವರು ಕೇಳಿದರೆ ಏನು ಹೇಳಲಿ? ನೀವು ಒಂದು ಸಾಲು ಬರೆದುಕೊಟ್ಟರೆ ಕಡತ ಮುಚ್ಚುತ್ತೆ. ಬರೀ ಒಂದು ಸಾಲು."

ಆ ಒಂದು ಸಾಲು ಯಾರ ತಪ್ಪಿನ ಮೇಲೆ ಹೊದಿಸುವ ಕಂಬಳಿ ಎಂದು ಗಂಟಕ್ಕನಿಗೆ ಅರ್ಥವಾಯಿತು. ಕಾಗದವನ್ನು ಡಬ್ಬಿಯೊಳಗೆ ಹಾಕಿಕೊಂಡು ಮಳೆಯಲ್ಲೇ ನಡೆದಳು.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತು ಕಾಗದವನ್ನು ಓದಿಸಿಕೊಂಡರು. ಆ ಚಪ್ಪರದಲ್ಲಿ ಮೂವತ್ತು ವರ್ಷ ಹೊಲಿದವರು. ಬೆರಳುಗಳು ಈಗ ಪೂರ್ತಿ ಮಡಚುತ್ತಿರಲಿಲ್ಲ.

"ಬರೆದುಕೊಟ್ಟುಬಿಡು ಮಗಳೇ. ಮತ್ತೆ ಆ ದಬ್ಬಣದ ಸಹವಾಸ ಬೇಡ. ನನ್ನ ಕೈ ನೋಡಿದ್ದೀಯಲ್ಲ."

"ಏನಂತ ಬರೀಲಿ ಅತ್ತೆ?"

"ತಪ್ಪಾಯ್ತು ಅಂತ."

"ಆಯ್ತಾ?"

ಅತ್ತೆ ಸೌದೆ ಮುಂದಕ್ಕೆ ನೂಕಿದರು. "ಇಲ್ಲ."

"ಮತ್ತೆ?"

"ಮತ್ತೆ ಅಂದರೆ ನನ್ನನ್ನ ಯಾಕೆ ಕೇಳ್ತೀಯ? ನನಗೆ ಬರೆಯೋಕೇ ಬರಲ್ಲ," ಎಂದು ರೇಗಿದರು. "ಊಟಕ್ಕೆ ಏಳು."

ಗಂಡ ಗೋಡೆಗೊರಗಿ ಎಲ್ಲ ಕೇಳುತ್ತಿದ್ದ. "ಬೇಕಾದರೆ ನಾನು ಬರೆದುಕೊಡ್ತೀನಿ ಕ್ಷಮೆ," ಎಂದ. "ಆ ಒಂಬತ್ತು ದಿನದ್ದು ನನ್ನದು ತಾನೇ. ಗ್ರೀಸು ಮೆತ್ತು ಅಂದವನು ನಾನು."

"ಅದನ್ನ ನನಗೆ ಬಾಕಿ ಇಟ್ಟಿದ್ದೀಯ, ಸಂಘಕ್ಕಲ್ಲ," ಎಂದಳು. ಅವತ್ತು ಮೊದಲ ಸಲ ನಕ್ಕಳು.

ಸೋಮವಾರ ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಲ್ಲಿ ತಡೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ತಮ್ಮ ಹಳೆಯ ದಬ್ಬಣವನ್ನು ಅವಳ ಕೈಗಿಟ್ಟರು.

ತೂಕದ ಕೋಣೆಯ ಬಾಗಿಲಲ್ಲಿ ಮ್ಯಾನೇಜರು ಆಗಲೇ ನಿಂತಿದ್ದರು. ಗಂಟಕ್ಕ ತನ್ನ ಕುರ್ಚಿಯಲ್ಲಿ ಕೂತು, ಬಟ್ಟೆ ಬಿಚ್ಚಿ, ದಬ್ಬಣವನ್ನು ಕೀಲಿಮಣೆಯ ಪಕ್ಕಕ್ಕೆ ಇಟ್ಟಳು.

"ಕಾಗದ?" ಎಂದರು ಮ್ಯಾನೇಜರು.

"ತಂದಿಲ್ಲ ಸಾರ್. ದಬ್ಬಣ ತಂದಿದ್ದೀನಿ. ಚಪ್ಪರಕ್ಕೆ ಹೋಗು ಅಂದರೆ ಈಗಲೇ ಹೋಗ್ತೀನಿ, ಆ ಕೆಲಸಕ್ಕೆ ನನಗೆ ನಾಚಿಕೆ ಇಲ್ಲ. ಇಲ್ಲೇ ಕೂರು ಅಂದರೆ ಕೂರ್ತೀನಿ. ಎರಡೂ ಬರುತ್ತೆ ನನಗೆ. ಆ ಸಾಲು ಬರೆಯೋಕೆ ಮಾತ್ರ ಬರಲ್ಲ."

"ಹಟ ಮಾಡಬೇಡಿ."

"ಬೇರೆಯವರ ಚೀಲಕ್ಕೆ ನಮ್ಮ ಗಂಟು ಹಾಕಲ್ಲ ಸಾರ್ ನಾವು. ಬೇಕಾದರೆ ಚಪ್ಪರದಲ್ಲಿ ಕೇಳಿ ನೋಡಿ."

ಹೊರಗೆ ಮಳೆ ನಿಂತ ನೆಲದ ಮೇಲೆ ಟ್ರಾಕ್ಟರುಗಳು ಕೆಸರು ತುಳಿಯುತ್ತ ಬಂದು ನಿಲ್ಲುತ್ತಿದ್ದವು. ಮೊದಲನೆಯದು ಆಗಲೇ ಕಟ್ಟೆ ಹತ್ತಿ ಹಾರ್ನು ಹೊಡೆಯಿತು. ಮ್ಯಾನೇಜರು ದಬ್ಬಣವನ್ನು ನೋಡಿದರು, ಪರದೆಯನ್ನು ನೋಡಿದರು, ಮುಚ್ಚಳದ ಮೇಲೆ ಅರ್ಧ ಉಳಿದಿದ್ದ ಬೆಳ್ಳಿ ಚೀಟಿಯನ್ನು ನೋಡಿದರು. ಹಾರ್ನು ಮತ್ತೆ ಹೊಡೆಯಿತು.

"ತೂಗಿ," ಎಂದು ಹೇಳಿ ಕಚೇರಿಯ ಕಡೆ ನಡೆದರು.

ಕಾಗದ ಎಲ್ಲಿ ಎಂದು ಆ ವಾರ ಇನ್ನೂ ಎರಡು ಸಲ ಕೇಳಿದರು. ಮುಂದಿನ ವಾರ ಒಂದು ಸಲ. ಆಮೇಲೆ ಕೇಳಲಿಲ್ಲ. ಪಟ್ಟಣದ ಅಂಗಡಿಯವರು ಹೊಸ ಮುದ್ರೆ ಅಂಟಿಸಲು ಬಂದ ದಿನ ಮ್ಯಾನೇಜರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಮುಚ್ಚಳ ತೆಗೆದು ಕೆಲಸ ತೋರಿಸಿದರೆ ಮಾತ್ರ ಸಹಿ ಎಂದರಂತೆ. ಅವರು ಬ್ಯಾಗು ತೆರೆಯದೆ ಹೊರಟುಹೋದರು.

ಗಂಟಕ್ಕನಿಗೆ ಆ 'ದಬ್ಬಣ ಸಾಕು' ಎಂಬ ಮಾತಿಗೆ ಸಮಾಧಾನದ ಒಂದು ಮಾತೂ ಬರಲಿಲ್ಲ, ಅವಳು ನಿರೀಕ್ಷಿಸಲೂ ಇಲ್ಲ. ಕಚೇರಿಯ ಬಾಕಿ ಪತ್ರಗಳ ಕಡತದಲ್ಲಿ 'ತೂಕದವರ ಕ್ಷಮಾಪಣೆ ಪತ್ರ, ಬಂದಿಲ್ಲ' ಎಂಬ ಸಾಲು ಇಂದಿಗೂ ಹಾಗೇ ಇದೆ. ಪ್ರತಿ ವರ್ಷ ಹೊಸ ಕಡತಕ್ಕೆ ಅದನ್ನು ಇಳಿಸಿ ಬರೆಯುತ್ತಾರೆ. ಪ್ರತಿ ವರ್ಷ ಕೊಯ್ಲಿನ ಮುಂಚೆ ಅವಳು ಪೆಟ್ಟಿಗೆ ಬಿಚ್ಚಿ, ಹೊಟ್ಟು ತೆಗೆದು, ಎರಡು ಗೋಧಿ ಕಾಳಿನಷ್ಟು ಪೇಸ್ಟು ಇಟ್ಟು, ನೀಲಿ ದಾರ ಕಟ್ಟುತ್ತಾಳೆ.